ಎಡಗೈಯವರಿಗೆ ಯಾವ ಪಿಸ್ತೂಲು? ಲೈಸೆನ್ಸುದಾರರು ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಕುಡುಗೋಲಿನ ಹಲ್ಲಿನಿಂದ ಹಿಡಿದು ದರ್ಜಿಯ ಕತ್ತರಿಯವರೆಗೆ ಬಹುಪಾಲು ಸಲಕರಣೆಗಳು ಬಲಗೈಯವರಿಗೆಂದೇ ತಯಾರಾಗುತ್ತವೆ. ಎಡಗೈಯವರು ಅವುಗಳಿಗೆ ಹೇಗೋ ಹೊಂದಿಕೊಂಡು ಕೆಲಸ ಸಾಗಿಸುತ್ತಾರೆ. ಕುಡುಗೋಲಿನಲ್ಲಿ ಹೊಂದಿಕೆ ತಪ್ಪಿದರೆ ಬೆರಳು ಕೊಯ್ದೀತು. ಆತ್ಮರಕ್ಷಣೆಗೆಂದು ಸೊಂಟದಲ್ಲಿಟ್ಟುಕೊಳ್ಳುವ ಪಿಸ್ತೂಲಿನಲ್ಲಿ ಹೊಂದಿಕೆ ತಪ್ಪಿದರೆ ಒಂದು ಜೀವವೇ ಹೋಗಬಹುದು. ಅದು ಹೊರಗಿನವರ ಜೀವಕ್ಕಿಂತ ಮನೆಯವರ ಜೀವವೇ ಆಗಿರುವ ಸಂಭವ ಹೆಚ್ಚು.

ಜಗತ್ತಿನ ಜನರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಎಡಗೈ ರೂಢಿಯವರು. ಉತ್ತರ ಕರ್ನಾಟಕದ ಕಡೆ 'ರೊಡ್ಡ', ದಕ್ಷಿಣದಲ್ಲಿ 'ಎಡಚ', ಜತ್ತ-ಅಕ್ಕಲಕೋಟೆಯ ಮರಾಠಿಯಲ್ಲಿ 'ಡಾವಖುರಾ', ಮಡಕಶಿರದ ತೆಲುಗಿನಲ್ಲಿ 'ಎಡಮಚೇತಿ ವಾಟಂ' ಎಂದು ಕರೆಸಿಕೊಳ್ಳುವ ಇವರಿಗಾಗಿ ಭಾರತದಲ್ಲಿ ಪ್ರತ್ಯೇಕ ಪಿಸ್ತೂಲು ಮಾರಾಟಕ್ಕೆ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಇರುವುದರಲ್ಲೇ ಸರಿಯಾದದ್ದನ್ನು ಆರಿಸುವುದು ಹೇಗೆ ಎಂಬುದೇ ಮುಖ್ಯ ಪ್ರಶ್ನೆ.

ಇಂಟರ್‌ನೆಟ್ಟಿನ ಪಟ್ಟಿ ಇಲ್ಲಿ ನಡೆಯದು

ಎಡಗೈಯವರಿಗೆ ಒಳ್ಳೆಯ ಪಿಸ್ತೂಲು ಯಾವುದೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಅಮೆರಿಕದ ಪಟ್ಟಿಗಳೇ ಎದುರಾಗುತ್ತವೆ. ಗ್ಲಾಕ್, ಸಿಗ್ ಸಾವರ್, ಹೆಕ್ಲರ್ ಅಂಡ್ ಕಾಕ್ ಮುಂತಾದ ಹೆಸರುಗಳು ಅದರಲ್ಲಿರುತ್ತವೆ. ಆ ಕಂಪನಿಗಳು ಎಡಗೈಯವರನ್ನು ಗಮನದಲ್ಲಿಟ್ಟುಕೊಂಡಿರುವುದೂ ನಿಜವೇ. 2017ರಲ್ಲಿ ಬಂದ ಗ್ಲಾಕ್ ಐದನೇ ತಲೆಮಾರಿನ ಪಿಸ್ತೂಲಿನಲ್ಲಿ ಸ್ಲೈಡ್ ತಡೆಯುವ ಕೀಲಿ ಎರಡೂ ಬದಿಗಿದೆ. ಮ್ಯಾಗಜಿನ್ ಬಿಡಿಸುವ ಗುಂಡಿಯನ್ನು ಎಡದಿಂದ ಬಲಕ್ಕೆ ಬದಲಿಸಿಕೊಳ್ಳಬಹುದು. ಚಾರ್ಟರ್ ಆರ್ಮ್ಸ್ ಎಂಬ ಅಮೆರಿಕದ ಕಂಪನಿಯಂತೂ ಕನ್ನಡಿಯಲ್ಲಿ ಕಂಡ ಪ್ರತಿಬಿಂಬದಂತೆ ಎಲ್ಲವನ್ನೂ ತಿರುಗಿಸಿ 'ಸೌತ್‌ಪಾ' ಎಂಬ ಎಡಗೈ ರಿವಾಲ್ವರನ್ನೇ ತಯಾರಿಸಿತು.

ಆದರೆ ಇವುಗಳಲ್ಲಿ ಹೆಚ್ಚಿನ ಪಿಸ್ತೂಲುಗಳು 9 ಎಂಎಂ ಬೋರಿನವು. ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್. ಸಾಮಾನ್ಯ ನಾಗರಿಕರಿಗೆ ಜಿಲ್ಲಾಧಿಕಾರಿ ಕೊಡುವ ಲೈಸೆನ್ಸಿನಲ್ಲಿ ಅದನ್ನು ಕೊಳ್ಳುವಂತಿಲ್ಲ. ಖಾಸಗಿ ವ್ಯಕ್ತಿಗಳು ವಿದೇಶದಿಂದ ಬಂದೂಕು ತರಿಸುವುದಕ್ಕೂ 1980ರ ದಶಕದಿಂದ ಬಿಗಿಯಾದ ತಡೆಯಿದ್ದು, ಕ್ರೀಡಾ ಶೂಟರುಗಳಂಥ ಕೆಲವರಿಗೆ ಮಾತ್ರ ವಿನಾಯಿತಿ ಇದೆ. ಹೀಗಾಗಿ ಸಾಮಾನ್ಯ ಲೈಸೆನ್ಸುದಾರರ ಪಾಲಿಗೆ ಉಳಿಯುವುದು ಮುಖ್ಯವಾಗಿ .32 ಬೋರಿನ ರಿವಾಲ್ವರ್, .32 ಬೋರಿನ ಪಿಸ್ತೂಲು ಮತ್ತು ಹಳೆಯ ಕಾಲದಲ್ಲಿ ದೇಶದೊಳಗೆ ಬಂದು ಕೈಯಿಂದ ಕೈಗೆ ಮಾರಾಟವಾಗುತ್ತಿರುವ ವಿದೇಶಿ ಆಯುಧಗಳು.

ಒಂದು ಎಚ್ಚರಿಕೆ: ಹೆಸರಿನಲ್ಲಿ ಎರಡೂ .32 ಆದರೂ ರಿವಾಲ್ವರಿನ ಗುಂಡು ಬೇರೆ, ಪಿಸ್ತೂಲಿನ ಗುಂಡು ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕಬಾರದು.

ಮೊದಲು ಕೈ ಯಾವುದು, ಕಣ್ಣು ಯಾವುದು?

ಹಳ್ಳಿಗಳಲ್ಲಿ ಎಡಗೈ ಮಕ್ಕಳನ್ನು ಬೈದು, ಹೊಡೆದು ಬಲಗೈಗೆ ತಿರುಗಿಸುವ ರೂಢಿ ಬಹಳ ಕಾಲ ಇತ್ತು. ಊಟ, ಬರವಣಿಗೆ ಬಲಗೈಯಲ್ಲಿ. ಕಲ್ಲು ಬೀಸುವುದು, ಕತ್ತಿ ಹಿಡಿಯುವುದು ಎಡಗೈಯಲ್ಲಿ. ಇಂಥವರು ಅನೇಕರಿದ್ದಾರೆ. ಇವರು ಯಾವ ಕೈಯಲ್ಲಿ ಗುರಿ ಹಿಡಿಯಬೇಕು?

ಇದಕ್ಕೆ ಕಣ್ಣಿನ ಪರೀಕ್ಷೆಯೊಂದು ಸಹಾಯಕ್ಕೆ ಬರುತ್ತದೆ. ಎರಡೂ ಕೈಗಳನ್ನು ಮುಂದೆ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ಕೂಡಿಸಿ ನಡುವೆ ಸಣ್ಣ ಕಿಂಡಿ ಮಾಡಬೇಕು. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ದೂರದ ದೀಪದ ಕಂಬವನ್ನೋ ತೆಂಗಿನ ಮರದ ತುದಿಯನ್ನೋ ನೋಡಬೇಕು. ಬಳಿಕ ಕೈ ಅಲುಗಿಸದೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಾಗ ಕಂಬ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಗುರಿಯ ಕಣ್ಣು.

ಕೈಯೂ ಎಡ, ಕಣ್ಣೂ ಎಡ ಆದರೆ ಎಡಗೈಯಲ್ಲೇ ಕಲಿಯುವುದು ಸರಿ. ಕೈ ಎಡ, ಕಣ್ಣು ಬಲ ಆದರೂ ಪಿಸ್ತೂಲಿನ ವಿಷಯದಲ್ಲಿ ಹೆದರಬೇಕಾಗಿಲ್ಲ. ಉದ್ದ ಕೋವಿಯನ್ನು ಭುಜಕ್ಕೆ ಆನಿಸಿ ಕೆನ್ನೆಗೆ ಒತ್ತಬೇಕಾದ್ದರಿಂದ ಅಲ್ಲಿ ಕಣ್ಣು ಮತ್ತು ಭುಜ ಒಂದೇ ಕಡೆ ಇರುವುದು ಮುಖ್ಯ. ಪಿಸ್ತೂಲು ಕೈ ಚಾಚಿದಷ್ಟು ದೂರದಲ್ಲಿರುತ್ತದೆ. ಎಡಗೈಯಲ್ಲೇ ಹಿಡಿದು ಬಲಗಣ್ಣಿನ ಮುಂದಕ್ಕೆ ಸ್ವಲ್ಪ ಸರಿಸಿದರೆ ಸಾಕು. ಎರಡೂ ಕೈಯಲ್ಲಿ ಸಮಾನ ಹಿಡಿತ ಇರುವವರು ಮಾತ್ರ ಬಲಗೈಯಲ್ಲಿ ಕಲಿಯುವುದು ಒಳ್ಳೆಯದು. ಅವರಿಗೆ ಆಯ್ಕೆಯ ತೊಡಕೇ ಇರುವುದಿಲ್ಲ.

ತೊಡಕಿರುವುದು ಎಲ್ಲಿ?

ಪಿಸ್ತೂಲಿನಲ್ಲಿ ಬೆರಳು ತಾಗುವ ಭಾಗಗಳು ಟ್ರಿಗರ್ ಬಿಟ್ಟರೆ ಮುಖ್ಯವಾಗಿ ಮೂರು: ಸೇಫ್ಟಿ ಕೀಲಿ, ಮ್ಯಾಗಜಿನ್ ಬಿಡಿಸುವ ಗುಂಡಿ, ಸ್ಲೈಡ್ ತಡೆಯುವ ಕೀಲಿ. ಸಾಮಾನ್ಯವಾಗಿ ಮೂರೂ ಆಯುಧದ ಎಡಬದಿಗೆ ಇರುತ್ತವೆ. ಬಲಗೈಯಲ್ಲಿ ಹಿಡಿದಾಗ ಹೆಬ್ಬೆರಳು ಅಲ್ಲಿಗೇ ಬರುತ್ತದೆ. ಎಡಗೈಯಲ್ಲಿ ಹಿಡಿದಾಗ ಹೆಬ್ಬೆರಳು ಬಲಬದಿಗೆ ಹೋಗುತ್ತದೆ; ಕೀಲಿಗಳೆಲ್ಲ ಟ್ರಿಗರ್ ಬೆರಳಿನ ಕಡೆಗೆ ಉಳಿಯುತ್ತವೆ.

ಈ ಮೂರರ ತೂಕ ಒಂದೇ ಅಲ್ಲ. ಮ್ಯಾಗಜಿನ್ ಗುಂಡಿಯನ್ನು ಎಡಗೈಯ ತೋರುಬೆರಳಿನಿಂದ ಸುಲಭವಾಗಿ ಒತ್ತಬಹುದು. ಇದು ಹೆಬ್ಬೆರಳಿಗಿಂತಲೂ ಅನುಕೂಲ ಎನ್ನುವ ಎಡಗೈಯವರೂ ಇದ್ದಾರೆ. ಹಳೆಯ ಯುರೋಪಿನ ಕೆಲವು ಪಿಸ್ತೂಲುಗಳಲ್ಲಿ ಮ್ಯಾಗಜಿನ್ ಕೊಕ್ಕೆ ಹಿಡಿಯ ತಳದಲ್ಲಿರುತ್ತದೆ. ಅದು ಎರಡೂ ಕೈಗೆ ಸಮ. ಸ್ಲೈಡ್ ಕೀಲಿ ಕೈಗೆ ಎಟುಕದಿದ್ದರೆ ಸ್ಲೈಡನ್ನೇ ಬಲಗೈಯಿಂದ ಹಿಂದಕ್ಕೆಳೆದು ಬಿಟ್ಟರಾಯಿತು.

ಸೇಫ್ಟಿ ಕೀಲಿಯ ಕತೆ ಬೇರೆ. ಅದು ಎಡಬದಿಗೆ ಮಾತ್ರ ಇದ್ದರೆ ಎಡಗೈಯ ಹೆಬ್ಬೆರಳಿಗೆ ಸಿಗುವುದಿಲ್ಲ. ಅದನ್ನು ಸರಿಸಲು ಹಿಡಿತ ಸಡಿಲಿಸಬೇಕು, ಇಲ್ಲವೇ ಬಲಗೈ ತರಬೇಕು, ಇಲ್ಲವೇ ತೋರುಬೆರಳನ್ನು ಹಿಂದಕ್ಕೆ ಮಡಚಬೇಕು. ಗಾಬರಿಯ ಹೊತ್ತಿನಲ್ಲಿ ಹಿಡಿತ ಸಡಿಲಿಸಿದ ಕೈ, ಟ್ರಿಗರಿನ ಹತ್ತಿರ ಓಡಾಡುವ ಬೆರಳು, ಇವೆರಡೂ ಅಪಾಯಕಾರಿ. ಇನ್ನೊಂದು ಅಪಾಯವೂ ಇದೆ. ಕೀಲಿ ಎಡಗೈಯ ತೋರುಬೆರಳಿನ ಬುಡಕ್ಕೆ ತಾಗುತ್ತಿದ್ದರೆ, ಬಿಗಿಯಾಗಿ ಹಿಡಿದಾಗ ಗೊತ್ತಿಲ್ಲದೆಯೇ ಅದು ಸರಿದುಬಿಡಬಹುದು. ಸೇಫ್ಟಿ ಹಾಕಿದೆ ಎಂದು ನಂಬಿದವನ ಕೈಯಲ್ಲಿ ಹಾಕದ ಪಿಸ್ತೂಲು ಇದ್ದಂತೆ.

ಖಾಲಿ ತೋಟೆ ಬಲಬದಿಯಿಂದ ಹಾರುವುದು ಎಡಗೈಯವರಿಗೆ ತೊಂದರೆ ಎಂಬ ಮಾತಿದೆ. ಪಿಸ್ತೂಲು ಮುಖದಿಂದ ದೂರದಲ್ಲಿರುವುದರಿಂದ ಇದು ದೊಡ್ಡ ಸಮಸ್ಯೆಯಲ್ಲ. ರೈಫಲ್ಲಿನಲ್ಲಿ ಮಾತ್ರ ಇದನ್ನು ಗಂಭೀರವಾಗಿ ನೋಡಬೇಕು.

ರಿವಾಲ್ವರ್: ಮಡಚುವುದೋ, ಪಕ್ಕಕ್ಕೆ ತೆರೆಯುವುದೋ?

ಈ ಲೆಕ್ಕದಲ್ಲಿ ನೋಡಿದರೆ ಎಡಗೈಯವರಿಗೆ ರಿವಾಲ್ವರ್ ಹೆಚ್ಚು ಹೊಂದುತ್ತದೆ. ಅದರಲ್ಲಿ ಸ್ಲೈಡ್ ಇಲ್ಲ, ಮ್ಯಾಗಜಿನ್ ಇಲ್ಲ. ಗುಂಡು ಹಾರಿಸಲು ಟ್ರಿಗರನ್ನು ಉದ್ದಕ್ಕೆ, ಬಲವಾಗಿ ಎಳೆಯಬೇಕು. ಈ ಬಿಗಿಯೇ ಅದರ ಮುಖ್ಯ ಕಾವಲು. ಎಡಗೈಯಾಗಲಿ ಬಲಗೈಯಾಗಲಿ ಎಳೆತ ಒಂದೇ.

ವ್ಯತ್ಯಾಸ ಬರುವುದು ಗುಂಡು ತುಂಬುವಾಗ. ರಿವಾಲ್ವರುಗಳಲ್ಲಿ ಎರಡು ಬಗೆ. ಒಂದು, ನಡುವೆ ಮಡಚಿ ನಳಿಗೆಯನ್ನು ಕೆಳಗೆ ಬಾಗಿಸುವಂಥದ್ದು. ಇನ್ನೊಂದು, ಗುಂಡಿನ ಸಿಲಿಂಡರ್ ಪಕ್ಕಕ್ಕೆ ಹೊರಬರುವಂಥದ್ದು.

ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳ ಹಳೆಯ .32 ರಿವಾಲ್ವರ್ ಬ್ರಿಟಿಷರ ವೆಬ್ಲಿ ಮಾದರಿಯನ್ನು ಅನುಸರಿಸಿದ್ದು, ಮಡಚುವ ಬಗೆಯದು. ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆ 2014ರಲ್ಲಿ ಮಹಿಳೆಯರಿಗಾಗಿ ಎಂದು ಹೊರತಂದ 'ನಿರ್ಭೀಕ್' ಕೂಡ ಈ ಸಾಲಿನದೇ. ಟೈಟೇನಿಯಂ ಮಿಶ್ರಲೋಹದ ಅದರ ತೂಕ ಸುಮಾರು 500 ಗ್ರಾಂ. ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ವೆಬ್ಲಿ ಕಂಪನಿಯೇ ಭಾರತೀಯ ಪಾಲುದಾರರೊಂದಿಗೆ ಕಾರ್ಖಾನೆ ತೆರೆದು .32 ರಿವಾಲ್ವರ್ ತಯಾರಿಸತೊಡಗಿತು.

ಮಡಚುವ ಬಗೆ ಎಡಗೈಯವರಿಗೆ ಅನುಕೂಲ. ಬಿಡಿಸುವ ಕೊಕ್ಕೆ ಎಡಬದಿಗೇ ಇದ್ದರೂ, ಎಡಗೈಯಲ್ಲಿ ಹಿಡಿ ಬಿಗಿಹಿಡಿದುಕೊಂಡು ಬಲಗೈಯಿಂದ ಕೊಕ್ಕೆ ಬಿಡಿಸಿ ನಳಿಗೆ ಬಾಗಿಸಬಹುದು. ಖಾಲಿ ತೋಟೆಗಳು ಒಟ್ಟಿಗೇ ಹೊರಬೀಳುತ್ತವೆ. ಬಲಗೈಯಿಂದಲೇ ಹೊಸ ಗುಂಡು ತುಂಬಬಹುದು. ನಳಿಗೆ ನೆಲದ ಕಡೆಗೇ ಇರುತ್ತದೆ. ಆಯುಧ ಕೈ ಬದಲಾಯಿಸುವುದಿಲ್ಲ.

ಪಕ್ಕಕ್ಕೆ ತೆರೆಯುವ ಬಗೆಗೆ ಉದಾಹರಣೆ ಕಾನ್ಪುರದ ಸರ್ಕಾರಿ ಕಂಪನಿ ಎಡಬ್ಲ್ಯುಇಐಎಲ್ 2023ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ 'ಪ್ರಬಲ್'. ಇದರ ತೂಕ ಸುಮಾರು 700 ಗ್ರಾಂ. ಇಂಥ ರಿವಾಲ್ವರುಗಳಲ್ಲಿ ಸಿಲಿಂಡರ್ ಸಾಮಾನ್ಯವಾಗಿ ಎಡಕ್ಕೆ ತೆರೆದುಕೊಳ್ಳುತ್ತದೆ, ಬಿಡಿಸುವ ಗುಂಡಿಯೂ ಎಡಕ್ಕೇ ಇರುತ್ತದೆ. ಬಲಗೈಯವರಿಗೆ ಇದು ವೇಗದ ವಿಧಾನ. ಎಡಗೈಯವರು ತೋರುಬೆರಳಿನಿಂದ ಗುಂಡಿ ಒತ್ತಿ, ಬಲಗೈ ಬೆರಳುಗಳಿಂದ ಸಿಲಿಂಡರನ್ನು ಆಚೆ ತಳ್ಳಬೇಕು, ಇಲ್ಲವೇ ಆಯುಧವನ್ನು ಬಲಗೈಗೆ ವರ್ಗಾಯಿಸಬೇಕು. ಅಭ್ಯಾಸದಿಂದ ಇದು ಸಾಧ್ಯ. ಆದರೆ ಕೈ ಬದಲಾಗುವಾಗ ನಳಿಗೆ ಎತ್ತ ತಿರುಗುತ್ತದೆ ಎಂಬ ಬಗ್ಗೆ ಸದಾ ಎಚ್ಚರ ಬೇಕು. ತರಬೇತಿಗೆ ಸಮಯ ಕೊಡಲಾಗದವರಿಗೆ ಮಡಚುವ ರಿವಾಲ್ವರೇ ವಾಸಿ.

ಪಿಸ್ತೂಲೇ ಬೇಕೆನ್ನುವವರಿಗೆ

ಪಿಸ್ತೂಲು ತೆಳ್ಳಗಿರುತ್ತದೆ, ಬಟ್ಟೆಯೊಳಗೆ ಉಬ್ಬಿ ಕಾಣುವುದಿಲ್ಲ. ಹಾಗಾಗಿ ಅದನ್ನೇ ಬಯಸುವವರಿದ್ದಾರೆ. ಆರ್ಡ್‌ನೆನ್ಸ್ ಕಾರ್ಖಾನೆಯ .32 'ಅಶನಿ' ಇಲ್ಲವೇ ಹಳೆಯ ವಿದೇಶಿ ಪಿಸ್ತೂಲು, ಯಾವುದೇ ಇರಲಿ, ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಸೇಫ್ಟಿ ಕೀಲಿ ಯಾವ ಬದಿಗಿದೆ ಎಂಬುದನ್ನು. ಎರಡೂ ಬದಿಗಿದ್ದರೆ ಒಳ್ಳೆಯದು. ಎಡಬದಿಗೆ ಮಾತ್ರ ಇದ್ದು, ಹಿಡಿತ ಸಡಿಲಿಸದೆ ಅದನ್ನು ಸರಿಸಲು ಬಾರದಿದ್ದರೆ ಆ ಪಿಸ್ತೂಲನ್ನು ಬಿಟ್ಟುಬಿಡುವುದು ಲೇಸು. ಕೊಂಡೇ ಆಗಿದ್ದರೆ, ನಳಿಗೆಯ ಬಾಯಿಗೆ ಗುಂಡು ಏರಿಸದೆ, ಮ್ಯಾಗಜಿನ್ನಿನಲ್ಲಿ ಮಾತ್ರ ಗುಂಡು ಇಟ್ಟು ಒಯ್ಯುವುದು ಸುರಕ್ಷಿತ. ಬೇಕಾದಾಗ ಸ್ಲೈಡ್ ಎಳೆಯಲು ಒಂದು ಕ್ಷಣ ಹೆಚ್ಚು ಹಿಡಿಯುತ್ತದೆ. ಆ ಒಂದು ಕ್ಷಣದ ನಷ್ಟಕ್ಕೆ ವರ್ಷವಿಡೀ ಮನೆಯವರ ಸುರಕ್ಷತೆ ಸಿಗುತ್ತದೆ.

ಕೀಲಿಯನ್ನು ಬಲಬದಿಗೆ ಬದಲಿಸಿಕೊಡುತ್ತೇವೆ ಎನ್ನುವ ಸ್ಥಳೀಯ ಕೆಲಸಗಾರರ ಮಾತಿಗೆ ಮರುಳಾಗಬಾರದು. ಪರವಾನಗಿ ಇಲ್ಲದವರು ಆಯುಧವನ್ನು ಬದಲಾಯಿಸುವುದು ಅಪರಾಧ. ತಪ್ಪಾಗಿ ತೂತು ಕೊರೆದ ಪಿಸ್ತೂಲು ಕೈಯಲ್ಲೇ ಸಿಡಿಯಲೂಬಹುದು.

ಅಂಗಡಿಯಲ್ಲಿ ಪರೀಕ್ಷೆ

ಆಯುಧ ಖಾಲಿಯಿದೆ ಎಂದು ಅಂಗಡಿಯವರೂ ಕೊಳ್ಳುವವರೂ ಇಬ್ಬರೂ ಕಣ್ಣಾರೆ ನೋಡಿದ ಮೇಲೆ, ಯಾರೂ ಇಲ್ಲದ ಗೋಡೆಯ ಕಡೆಗೆ ಹಿಡಿದು ಈ ಕೆಳಗಿನವನ್ನು ಪರೀಕ್ಷಿಸಬಹುದು:

1. ಎಡಗೈಯಲ್ಲಿ ಹಿಡಿದಾಗ ಕಿರುಬೆರಳಿಗೂ ಹಿಡಿಯ ಮೇಲೆ ಜಾಗ ಸಿಗುತ್ತದೆಯೇ? ತೀರಾ ಚಿಕ್ಕ ಆಯುಧ ಜೇಬಿಗೆ ಹಗುರ, ಕೈಗೆ ಕಷ್ಟ.
2. ಹಿಡಿಯ ಪಟ್ಟಿಗಳು ಎರಡೂ ಬದಿಗೆ ಸಮವೇ? ಬಲಗೈ ಹೆಬ್ಬೆರಳಿಗೆಂದು ಉಬ್ಬು ಮಾಡಿದ ಹಿಡಿ ಎಡಗೈಗೆ ಒತ್ತುತ್ತದೆ.
3. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಸರಿಯಾಗಿ ತಲುಪುತ್ತದೆಯೇ?
4. ಬಿಗಿಯಾಗಿ ಹಿಡಿದು ಹತ್ತು ಸಲ ಅಲುಗಾಡಿಸಿದರೆ ಸೇಫ್ಟಿ ಕೀಲಿ ತಾನಾಗಿ ಸರಿಯುತ್ತದೆಯೇ?
5. ತುಂಬುವುದು, ಖಾಲಿ ಮಾಡುವುದು ಎರಡನ್ನೂ ನಳಿಗೆ ಅತ್ತಿತ್ತ ತಿರುಗದಂತೆ ಮಾಡಲು ಬರುತ್ತದೆಯೇ?

ಖಾಲಿ ಮಾಡುವುದು ಎಂಬ ಕೊನೆಯ ಅಂಶವನ್ನು ಅನೇಕರು ಮರೆಯುತ್ತಾರೆ. ಲೈಸೆನ್ಸುದಾರನ ಜೀವಮಾನದಲ್ಲಿ ಗುಂಡು ಹಾರಿಸುವ ಸಂದರ್ಭ ಬಾರದೆಯೇ ಇರಬಹುದು. ಆದರೆ ಮನೆಗೆ ಬಂದು ಗುಂಡು ತೆಗೆದಿಡುವ ಕೆಲಸ ಮತ್ತೆ ಮತ್ತೆ ಬರುತ್ತದೆ. ಅವಘಡಕ್ಕೆ ದಾರಿಯಾಗುವುದೂ ಈ ಹೊತ್ತೇ.

ಒರೆ ಮತ್ತು ಸೀಟ್ ಬೆಲ್ಟ್

ಅಂಗಡಿಗಳಲ್ಲಿ ಸಿಗುವ ಹೋಲ್‌ಸ್ಟರುಗಳು, ಅಂದರೆ ಒರೆಗಳು, ಹೆಚ್ಚಾಗಿ ಬಲಸೊಂಟಕ್ಕೆ ಹೊಲಿದವು. ಅದನ್ನೇ ಎಡಸೊಂಟಕ್ಕೆ ಸಿಕ್ಕಿಸಿದರೆ ಹಿಡಿ ಮುಂದಕ್ಕೆ ತಿರುಗುತ್ತದೆ. ಹೊರತೆಗೆಯುವಾಗ ಕೈ ಮಣಿಕಟ್ಟು ತಿರುವಬೇಕಾಗುತ್ತದೆ. ಚರ್ಮದ ಕೆಲಸ ಬಲ್ಲವರಿಂದ ಎಡಬದಿಯ ಒರೆ ಹೊಲಿಸಿಕೊಳ್ಳುವುದು ಕಷ್ಟವೇನಲ್ಲ. ಟ್ರಿಗರಿನ ಭಾಗ ಪೂರ್ತಿ ಮುಚ್ಚಬೇಕು, ಚರ್ಮ ಗಟ್ಟಿಯಿರಬೇಕು, ಮೇಲೆ ಗುಂಡಿಯ ಪಟ್ಟಿ ಇರಬೇಕು. ಅಳತೆಗಾಗಿ ಒಯ್ಯುವಾಗ ಆಯುಧದಲ್ಲಿ ಗುಂಡು ಇರಕೂಡದು, ಅದನ್ನು ಅಲ್ಲಿ ಬಿಟ್ಟು ಬರಲೂ ಕೂಡದು.

ಕಾರು ಓಡಿಸುವ ಎಡಗೈಯವರಿಗೆ ಇನ್ನೊಂದು ತೊಡಕು. ನಮ್ಮ ಕಾರುಗಳಲ್ಲಿ ಚಾಲಕನ ಸೀಟ್ ಬೆಲ್ಟಿನ ಕೊಕ್ಕೆ ಎಡಸೊಂಟದ ಬಳಿಯೇ ಬೀಳುತ್ತದೆ, ಆಯುಧವೂ ಅಲ್ಲೇ. ಬೆಲ್ಟ್ ಬಿಚ್ಚುವ ಅವಸರದಲ್ಲಿ ಒರೆಗೆ ಕೈ ತಾಗದಂತೆ ಒರೆಯನ್ನು ತುಸು ಮುಂದಕ್ಕೋ ಹಿಂದಕ್ಕೋ ಸರಿಸಿ ಕಟ್ಟಿಕೊಳ್ಳಬೇಕಾಗುತ್ತದೆ. ಜೇಬಿನಲ್ಲಿ ಕೀಲಿಕೈ, ಚಿಲ್ಲರೆಯ ಜೊತೆ ಪಿಸ್ತೂಲು ಇಡುವುದಂತೂ ಸಲ್ಲದು. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒರೆಯಲ್ಲಿದ್ದು, ಮುಚ್ಚಿರಬೇಕು, ಒಡೆಯನ ಹತೋಟಿಯಲ್ಲಿರಬೇಕು. ಹೊರತೆಗೆದು ಝಳಪಿಸುವುದು ತಪ್ಪು. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದು.

ಗಡಿ ದಾಟುವ ಮುನ್ನ ಕಾಗದ ನೋಡಿ

ಶಸ್ತ್ರಾಸ್ತ್ರ ಕಾಯ್ದೆ 1959ರದು; ಈಗಿನ ನಿಯಮಗಳು 2016ರವು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಆರೋಗ್ಯದ ಪ್ರಮಾಣಪತ್ರ, ಸುರಕ್ಷತಾ ತರಬೇತಿ, ಪೊಲೀಸ್ ವರದಿ ಬೇಕು. 2019ರ ತಿದ್ದುಪಡಿಯ ಬಳಿಕ ಸಾಮಾನ್ಯ ಲೈಸೆನ್ಸುದಾರರು ಎರಡಕ್ಕಿಂತ ಹೆಚ್ಚು ಬಂದೂಕು ಹೊಂದುವಂತಿಲ್ಲ. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ತರಬೇತಿಯ ಸಮಯದಲ್ಲೇ ತಾನು ಎಡಗೈಯವನು ಎಂದು ತರಬೇತುದಾರರಿಗೆ ತಿಳಿಸುವುದು ಅಗತ್ಯ. ಬಲಗೈ ಪಾಠವನ್ನು ನೋಡಿ ಎಡಗೈಯಲ್ಲಿ ಅನುಕರಿಸಲು ಹೋದರೆ ಅರ್ಧ ಕಲಿತಂತಾಗುತ್ತದೆ.

ಗಡಿಭಾಗದವರು ಒಂದು ಮಾತನ್ನು ಮುಖ್ಯವಾಗಿ ನೆನಪಿಡಬೇಕು. ಮನೆಮಾತು ಕನ್ನಡವಾದರೂ ಲೈಸೆನ್ಸ್ ಕೊಡುವುದು ವಾಸವಿರುವ ಜಿಲ್ಲೆಯೇ. ತಾಳವಾಡಿಯವರಿಗೆ ಈರೋಡು, ಹೊಸೂರಿನವರಿಗೆ ಕೃಷ್ಣಗಿರಿ, ಜತ್ತದವರಿಗೆ ಸಾಂಗ್ಲಿ, ಅಕ್ಕಲಕೋಟೆಯವರಿಗೆ ಸೊಲ್ಲಾಪುರ. ಆ ಲೈಸೆನ್ಸ್ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದು ಅದರಲ್ಲೇ ಬರೆದಿರುತ್ತದೆ. ತಾಳವಾಡಿಯಿಂದ ಚಾಮರಾಜನಗರದ ಸಂತೆಗೆ, ಕಾಸರಗೋಡಿನಿಂದ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ, ಜತ್ತದಿಂದ ವಿಜಯಪುರಕ್ಕೆ ಹೋಗುವುದು ಇಲ್ಲಿನವರಿಗೆ ಪಕ್ಕದೂರಿಗೆ ಹೋದಷ್ಟೇ ಸಹಜ. ಲೈಸೆನ್ಸಿನಲ್ಲಿ ಕರ್ನಾಟಕದ ಹೆಸರೋ, ಇಡೀ ಭಾರತಕ್ಕೆ ಎಂಬ ಮಾತೋ ಇಲ್ಲದಿದ್ದರೆ ಸೊಂಟದಲ್ಲಿರುವ ಅದೇ ಪಿಸ್ತೂಲು ಚೆಕ್‌ಪೋಸ್ಟ್ ದಾಟಿದ ಕೂಡಲೇ ಅಕ್ರಮ ಆಯುಧವಾಗುತ್ತದೆ. ಪಕ್ಕದ ರಾಜ್ಯದಲ್ಲಿ ಚುನಾವಣೆ ಇದ್ದಾಗ ಗಡಿಯ ತಪಾಸಣೆ ಇನ್ನಷ್ಟು ಬಿಗಿ. ಸ್ವಂತ ರಾಜ್ಯದ ಚುನಾವಣೆಯಲ್ಲಿ ಠಾಣೆಗೆ ಆಯುಧ ಒಪ್ಪಿಸುವಂತೆ ಸೂಚನೆ ಬಂದರೆ ರಸೀದಿ ಪಡೆದು ಒಪ್ಪಿಸಬೇಕು. ಬೇರೆ ರಾಜ್ಯದ ಅಂಗಡಿಯಲ್ಲಿ ಕೊಳ್ಳುವ ಯೋಚನೆಯಿದ್ದರೆ ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಲಿಖಿತ ಅನುಮತಿ ಪಡೆಯುವುದು ಕ್ಷೇಮ.

ಕೊನೆಯದಾಗಿ

ಎಡಗೈಯವರಿಗೆ ಆಯುಧದ ಹೆಸರು, ಬೆಲೆ, ಹೊಳಪು ಮುಖ್ಯವಲ್ಲ. ಕೀಲಿ ಯಾವ ಬದಿಗಿದೆ, ಹಿಡಿತ ಬಿಡದೆ ಅದನ್ನು ನಡೆಸಲು ಬರುತ್ತದೆಯೇ ಎಂಬುದೇ ಮುಖ್ಯ. ಇಂದಿನ ಭಾರತದ ಮಾರುಕಟ್ಟೆಯಲ್ಲಿ ಆ ಅಳತೆಗೆ ಹೆಚ್ಚು ಹತ್ತಿರ ಬರುವುದು ನಡುವೆ ಮಡಚುವ .32 ರಿವಾಲ್ವರ್. ಯಾವುದನ್ನೇ ಕೊಂಡರೂ ಮನೆಯಲ್ಲಿ ಆಯುಧ ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ ಇರಬೇಕು. ಅಷ್ಟು ಕಾಳಜಿ ವಹಿಸಲು ಬಿಡುವಿಲ್ಲ, ಅಭ್ಯಾಸಕ್ಕೆ ರೇಂಜಿಗೆ ಹೋಗಲು ಆಗದು ಎನ್ನುವವರು ಆಯುಧ ಕೊಳ್ಳದಿರುವುದೇ ಉಳಿದೆಲ್ಲ ಆಯ್ಕೆಗಳಿಗಿಂತ ಒಳ್ಳೆಯದು.